ಮುರಕಲ್ಲ ನೆಲದ ಬೇರುನಂಟು

ಮಂಗಳೂರಿನಿಂದ ಪುತ್ತೂರಿನ ಕಡೆಗೋ ಕಾಸರಗೋಡಿನ ಕಡೆಗೋ ಪ್ರಯಾಣ ಹೊರಟವನು, ರಸ್ತೆಗಾಗಿ ಗುಡ್ಡವನ್ನು ಕಡಿದಿರುವ ಎಡೆಯಲ್ಲಿ ಒಂದಿಷ್ಟು ಹೊತ್ತು ನಿಂತು ಆ ಕಡಿತದ ಮೈಯನ್ನು ನೋಡಿದನಾದರೆ, ನಮ್ಮ ಕರಾವಳಿಯ ಬೇಸಾಯಗಾರನ ಮೂಲ ಸಂಕಟವೇನೆಂಬುದು ಯಾವ ಗ್ರಂಥದ ನೆರವೂ ಇಲ್ಲದೆ ಅವನಿಗೆ ವೇದ್ಯವಾಗುತ್ತದೆ. ಮೇಲುಗಡೆ ಗೇಣುದ್ದವೋ ಮೊಳದುದ್ದವೋ ಕಂದು ಮಣ್ಣು. ಅದರ ಅಡಿಯಲ್ಲಿ, ತೂತುತೂತಾಗಿ, ಅಲ್ಲಲ್ಲಿ ಹಳದಿ ಅಲ್ಲಲ್ಲಿ ಊದಾ ಬಣ್ಣ ತಳೆದು, ಆಳೆತ್ತರವನ್ನೂ ಮೀರಿ ಇಳಿದಿರುವ ಮುರಕಲ್ಲಿನ ಪದರ. ಅದಕ್ಕೂ ಕೆಳಗೆ ಮಾಸಲು ಬಿಳುಪಿನ ಜೇಡಿ. ಟಿಪ್ಪುವಿನ ಪತನಾನಂತರ ಮೈಸೂರು, ಕೆನರಾ, ಮಲಬಾರು ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು, ಮಲಬಾರಿನ ಅಂಗಾಡಿಪುರದ ಬಳಿ ಈ ಕಲ್ಲನ್ನು ಕಂಡು, ನೆಲದೊಳಗಿರುವಾಗ ಕಬ್ಬಿಣದ ಹತಾರಕ್ಕೆ ಸುಲಭವಾಗಿ ಮಣಿಯುವ ಇದು ಹೊರಗಿನ ಗಾಳಿಗೆ ಬಿದ್ದೊಡನೆ ಗಟ್ಟಿಯಾಗುವುದನ್ನು ಗಮನಿಸಿ, 1807ರಲ್ಲಿ ಅಚ್ಚಾದ ತನ್ನ ಪ್ರವಾಸ ವೃತ್ತಾಂತದಲ್ಲಿ ಇದಕ್ಕೆ ‘ಲ್ಯಾಟರೈಟ್’ ಎಂಬ ಹೆಸರನ್ನಿಟ್ಟನು. ಮನೆ ಕಟ್ಟುವವನಿಗೆ ಇದಕ್ಕಿಂತ ಒಳ್ಳೆಯ ಕಲ್ಲು ಬೇರೊಂದಿಲ್ಲ. ಮರ ಬೆಳೆಸುವವನ ಪಾಡು ಬೇರೆ.

ವರ್ಷಕ್ಕೆ 3000 ಮಿ.ಮೀ.ಗೂ ಮಿಗಿಲಾಗಿ ಸುರಿಯುವ ಮಳೆ ಲಕ್ಷಾಂತರ ವರ್ಷಗಳ ಕಾಲ ಎಡೆಬಿಡದೆ ತೊಳೆದ ಪರಿಣಾಮವಾಗಿ, ಈ ಮಣ್ಣಿನೊಳಗಿದ್ದ ಸುಣ್ಣ, ಮೆಗ್ನೀಸಿಯಂ, ಪೊಟ್ಯಾಷ್ ಮೊದಲಾದ ಕರಗಬಲ್ಲ ಸಾರವೆಲ್ಲವೂ ಹೊಳೆಗಳ ಮೂಲಕ ಸಮುದ್ರವನ್ನು ಸೇರಿ, ಕರಗಲೊಲ್ಲದ ಕಬ್ಬಿಣ ಮತ್ತು ಅಲ್ಯೂಮಿನಿಯಂಗಳ ಆಕ್ಸೈಡುಗಳು ಮಾತ್ರ ಹಿಂದುಳಿದಿವೆ. ಕೆಂಪು ಬಣ್ಣ ಆ ಕಬ್ಬಿಣದ್ದು. ಈ ಎರಡು ಲೋಹಗಳಿಗೆ ರಂಜಕದ ಮೇಲೆ ಇರುವ ಮೋಹ ಅಪಾರವಾದದ್ದು. ರೈತನು ಗೊಬ್ಬರದ ರೂಪದಲ್ಲಿ ಸುರಿದ ರಂಜಕದ ದೊಡ್ಡ ಪಾಲನ್ನು ಅವು ಕೆಲವೇ ದಿನಗಳಲ್ಲಿ ತಮ್ಮ ಮೈಗೆ ಅಂಟಿಸಿಕೊಂಡು, ಬೇರಿನ ಕೈಗೆ ಎಟುಕದಂತೆ ಮಾಡಿಬಿಡುತ್ತವೆ. ಸಾರಜನಕವಾದರೆ ನೀರಿನೊಡನೆ ಹರಿದು ಬೇರಿನ ಬಾಗಿಲಿಗೆ ಬರುತ್ತದೆ. ರಂಜಕ ಹಾಗೆ ಹರಿಯುವುದಿಲ್ಲ, ಇದ್ದಲ್ಲಿಯೇ ಕುಳಿತಿರುತ್ತದೆ. ಬೇರು ತನ್ನ ಸುತ್ತಣ ಒಂದೆರಡು ಮಿಲಿಮೀಟರಿನ ಆವರಣದಲ್ಲಿದ್ದುದನ್ನು ಹೀರಿ ಮುಗಿಸಿದ ಮೇಲೆ, ಅದರಾಚೆಗೆ ಎಷ್ಟೇ ಇದ್ದರೂ ಗಿಡದ ಪಾಲಿಗೆ ಅದು ಇಲ್ಲದಂತೆಯೇ ಸರಿ. ಮಣ್ಣಿನಲ್ಲಿ ರಂಜಕವಿದೆಯೆಂದು ಹೇಳುವ ಪ್ರಯೋಗಶಾಲೆಯ ವರದಿಯೂ, ರಂಜಕದ ಕೊರತೆಯಿಂದ ಬಳಲುವ ಸಸಿಯೂ ಒಂದೇ ಹಿತ್ತಿಲಿನಲ್ಲಿ ಕಾಣಸಿಗುವುದು ಈ ಕಾರಣದಿಂದ.

ಇಂಥ ನೆಲವನ್ನೇ ನೆಚ್ಚಿಕೊಂಡು ನಮ್ಮ ಪಶ್ಚಿಮ ಕರಾವಳಿಯ ಮೂರು ಕಾಯಿಮರಗಳು ನಿಂತಿವೆ: ಗುಡ್ಡದ ಮೇಲೆ ಗೇರು, ಕಣಿವೆಯ ತಂಪಿನಲ್ಲಿ ಅಡಿಕೆ, ಮನೆಯಂಗಳದಿಂದ ಕಡಲಂಚಿನವರೆಗೆ ತೆಂಗು. ಇವುಗಳ ಪೈಕಿ ಗೇರು ಪರದೇಶಿ. ಈಶಾನ್ಯ ಬ್ರೆಜಿಲ್ಲಿನ ತೀರದಿಂದ ಪೋರ್ಚುಗೀಸರ ಹಡಗಿನಲ್ಲಿ ಹದಿನಾರನೆಯ ಶತಮಾನದಲ್ಲಿ ಬಂದಿಳಿದುದು. ಹುಲ್ಲೂ ಸರಿಯಾಗಿ ಹಿಡಿಯದ ಪದವುಗಳಲ್ಲಿ, ನೀರಿಲ್ಲದೆ, ಗೊಬ್ಬರವಿಲ್ಲದೆ, ಒಡೆಯನ ಕಣ್ಣೂ ಬೀಳದೆ, ಬೇಸಗೆ ಬಂದಾಗ ಮಾತ್ರ ಬೀಜ ಹೆಕ್ಕಲು ಬರುವ ಮಕ್ಕಳ ಮುಖವನ್ನಷ್ಟೇ ಕಂಡು ಇದು ನಾಲ್ಕು ಶತಮಾನಗಳನ್ನು ಕಳೆದುಬಿಟ್ಟಿತು. ಗೇರಿಗೆ ಏನೂ ಬೇಡ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದ್ದು ಹೀಗೆ. ಆದರೆ ಏನೂ ಬೇಡದ ಮರವೆಂಬುದು ಜಗತ್ತಿನಲ್ಲಿಲ್ಲ. ಗೇರಿಗೂ ರಂಜಕ ಬೇಕು. ಅದನ್ನು ತಂದುಕೊಡುವ ಪರಿವಾರವೊಂದು ನಮ್ಮ ದೃಷ್ಟಿಗೆ ಬೀಳದೆ ಅದರ ಬೇರಿನಲ್ಲಿ ಬಿಡಾರ ಹೂಡಿದೆಯೆಂಬುದೇ ಅದರ ಸ್ವಾವಲಂಬನೆಯ ಗುಟ್ಟು.

ಈ ಪರಿವಾರವನ್ನು ಮೊದಲು ಗುರುತಿಸಿ ಹೆಸರಿಟ್ಟವನು ಬರ್ಲಿನ್ನಿನ ಕೃಷಿ ವಿದ್ಯಾಲಯದ ಸಸ್ಯವಿಜ್ಞಾನಿ ಆಲ್ಬರ್ಟ್ ಬರ್ನಾರ್ಡ್ ಫ್ರಾಂಕ್. ನೆಲದಡಿಯಲ್ಲಿ ಬೆಳೆಯುವ, ಯುರೋಪಿನ ಭೋಜನಪ್ರಿಯರು ಬಂಗಾರದ ಬೆಲೆ ತೆತ್ತು ಕೊಳ್ಳುವ ಟ್ರಫಲ್ ಎಂಬ ಅಣಬೆಯನ್ನು ಪ್ರಷ್ಯ ದೇಶದಲ್ಲಿ ಬೆಳೆಸಲು ಉಪಾಯವುಂಟೇ ಎಂದು ಅರಸೊತ್ತಿಗೆಯ ಪರವಾಗಿ ಅವನಿಗೆ ಕೆಲಸ ಒಪ್ಪಿಸಲಾಗಿತ್ತು. ಟ್ರಫಲನ್ನು ಬೆಳೆಸುವುದು ಅವನಿಂದ ಆಗಲಿಲ್ಲ. ಅದರ ಬದಲು, ಕಾಡಿನ ಮರಗಳ ಬೇರುತುದಿಗಳನ್ನು ಶಿಲೀಂಧ್ರದ ಎಳೆಗಳು ಕವಚದೋಪಾದಿಯಲ್ಲಿ ಸುತ್ತುವರಿದಿರುವುದನ್ನೂ, ಹಾಗೆ ಸುತ್ತುವರಿಯಲ್ಪಟ್ಟ ಬೇರುಗಳು ರೋಗಗ್ರಸ್ತವಾಗಿರದೆ ಪುಷ್ಟವಾಗಿರುವುದನ್ನೂ ಕಂಡು, 1885ರಲ್ಲಿ ಈ ಸಹವಾಸಕ್ಕೆ ‘ಮೈಕೋರೈಜ’ ಎಂದು ಹೆಸರಿಟ್ಟು, ಮರವು ಶಿಲೀಂಧ್ರದ ಮೂಲಕ ಉಣ್ಣುತ್ತದೆಯೆಂದು ಸಾರಿದನು. ಶಿಲೀಂಧ್ರವೆಂದರೆ ಕೊಳೆತ, ಬೂಸ್ಟು, ಬೆಳೆನಾಶ ಎಂದಷ್ಟೇ ತಿಳಿದಿದ್ದ ಅಂದಿನ ವಿದ್ವಾಂಸರಲ್ಲಿ ಅನೇಕರು ಅವನ ಮಾತನ್ನು ಒಪ್ಪಲಿಲ್ಲ. ವಾದ ದಶಕಗಳ ಕಾಲ ನಡೆಯಿತು.

ಫ್ರಾಂಕನು ಕಂಡ ಬಗೆಯ ನಂಟು ನಮ್ಮ ಸೀಮೆಯಲ್ಲಿ ಇಲ್ಲದಿಲ್ಲ. ಮುಂಗಾರಿನ ಮೊದಲ ಸಿಡಿಲುಮಳೆಗೆ ಧೂಪ, ಬೋಗಿ ಮೊದಲಾದ ಮರಗಳ ಕೆಳಗೆ ಮಣ್ಣು ಕೆದಕಿ ತೆಗೆಯುವ ಕಲ್ಲಣಬೆ, ತುಳುವರ ಕಲ್ಲಲಾಂಬು, ಇದೇ ಜಾತಿಯ ಸಂಬಂಧದ ಫಲ. ಮಂಗಳೂರು, ಕಾರ್ಕಳಗಳ ಪೇಟೆಗೆ ಅದು ಬಂದ ದಿನ ಬೆಲೆ ಕೇಳಿ ಬೆಚ್ಚಿ, ಆದರೂ ಒಂದು ಸೇರು ಕೊಳ್ಳದೆ ಹಿಂತಿರುಗದವರನ್ನು ನಾನು ಬಲ್ಲೆ. ಮೀನುಮಾಂಸಕ್ಕೂ ಅಷ್ಟು ಆತುರ ಕಾಣೆ. ಆ ಅಣಬೆ ಬೇಕಾದರೆ ಆ ಮರ ಬೇಕು. ಮರ ಕಡಿದ ಜಾಗದಲ್ಲಿ ಅದು ಏಳುವುದಿಲ್ಲ. ಆದರೆ ಗೇರು, ಅಡಿಕೆ, ತೆಂಗುಗಳ ಸಂಗಾತಿ ಬೇರೆ ಕುಲದ್ದು. ಅದು ನೆಲದ ಮೇಲೆ ಕೊಡೆಯೆತ್ತುವುದಿಲ್ಲ; ಬೇರಿಗೆ ಕವಚವನ್ನೂ ತೊಡಿಸುವುದಿಲ್ಲ; ಬೇರಿನ ಒಳಗೆ ಹೊಕ್ಕು, ಜೀವಕೋಶದ ಭಿತ್ತಿಯನ್ನು ದಾಟಿ, ಅಲ್ಲಿ ಕವಲೊಡೆದು ಕವಲೊಡೆದು ಒಂದು ಪುಟ್ಟ ಪೊದೆಯ ಆಕಾರ ತಳೆಯುತ್ತದೆ. ಈ ಪೊದೆಗೆ ‘ಆರ್ಬಸ್ಕ್ಯೂಲ್’ ಎಂದು ಗ್ಯಾಲೋ ಎಂಬ ಫ್ರೆಂಚ್ ಪಂಡಿತ 1905ರಲ್ಲಿ ಹೆಸರಿಟ್ಟನು. ಬರಿಗಣ್ಣಿಗೆ ಗೋಚರವಾಗದ ಈ ಕುಲವೇ ನೆಲದ ಮೇಲಿನ ಸಸ್ಯಗಳ ಪೈಕಿ ಮುಕ್ಕಾಲು ಪಾಲಿನ ಬೇರುನಂಟನೆಂಬುದು, ಕಣ್ಣಿಗೆ ಕಂಡದ್ದನ್ನಷ್ಟೇ ನಂಬುವ ನಮ್ಮಂಥವರಿಗೆ ಅರಗಿಸಿಕೊಳ್ಳಲು ಸ್ವಲ್ಪ ಕಷ್ಟವೇ.

ಕಾಣಬೇಕೆಂಬ ಛಲವುಳ್ಳವರಿಗೆ ದಾರಿಯುಂಟು. ಗೇರಿನ ಬುಡದ ಒಂದು ಹಿಡಿ ಮಣ್ಣನ್ನು ನೀರಿನಲ್ಲಿ ಕದಡಿ, ಒಂದಕ್ಕಿಂತ ಒಂದು ನಯವಾದ ಜರಡಿಗಳಲ್ಲಿ ಸೋಸಿ, ಉಳಿದ ಕೆಸರನ್ನು ಸೂಕ್ಷ್ಮದರ್ಶಕದ ಅಡಿಗೆ ಹಿಡಿದರೆ, ಮರಳಿನ ಹರಳುಗಳ ನಡುವೆ ಹಳದಿ, ಕಂದು, ಕಿತ್ತಳೆ, ಕಪ್ಪು ವರ್ಣದ ದುಂಡು ಬೀಜಾಣುಗಳು ಹೊಳೆಯುತ್ತವೆ; ಗೆರ್ಡೆಮನ್ ಮತ್ತು ನಿಕಲ್ಸನ್ ಎಂಬಿಬ್ಬರು 1963ರಲ್ಲಿ ಪ್ರಕಟಿಸಿದ ಈ ಜರಡಿಯ ವಿಧಾನವೇ ಇಂದಿಗೂ ನಮ್ಮ ಕೃಷಿ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ನಡೆಯುತ್ತಿರುವುದು. ಬೇರಿನ ಒಳಗನ್ನು ನೋಡಬೇಕಾದರೆ ಎಳೆಬೇರನ್ನು ಕ್ಷಾರದಲ್ಲಿ ಬೇಯಿಸಿ, ಬಣ್ಣ ಕಳೆದು, ನೀಲಿಯನ್ನು ಹತ್ತಿಸಬೇಕು. ಆಗ ಬೇರಿನ ಉದ್ದಕ್ಕೂ ಓಡುವ ಎಳೆಗಳೂ ಕೋಶಕೋಶದಲ್ಲಿ ಅರಳಿದ ಪೊದೆಗಳೂ ಎದ್ದು ಕಾಣುತ್ತವೆ. ಇಂಗ್ಲೆಂಡಿನ ಬಾರ್ಬರಾ ಮಾಸ್ಸೆ ಎಂಬ ವಿದುಷಿ ಸ್ಟ್ರಾಬೆರಿಯ ಬೇರುಗಳನ್ನು ಪರಿಶೀಲಿಸಿ 1953ರಲ್ಲಿ ಪ್ರಕಟಿಸಿದ ಕಿರುಲೇಖನದ ತರುವಾಯವೇ, ಸಸ್ಯಶಾಸ್ತ್ರದ ಒಂದು ಕುತೂಹಲವಾಗಿ ಮೂಲೆಯಲ್ಲಿದ್ದ ಈ ಸಂಗತಿ ಬೇಸಾಯದ ವಿಚಾರವಾಗಿ ಬೆಳೆದದ್ದು.

ಗಿಡಕ್ಕೂ ಶಿಲೀಂಧ್ರಕ್ಕೂ ನಡುವಣ ಒಪ್ಪಂದದ ಸ್ವರೂಪವನ್ನು ಈಗ ತಕ್ಕಮಟ್ಟಿಗೆ ಬಿಡಿಸಿ ಹೇಳಬಹುದಾಗಿದೆ. ರಂಜಕದ ಹಸಿವಿಗೆ ಸಿಕ್ಕಿದ ಬೇರು ‘ಸ್ಟ್ರಿಗೋಲ್ಯಾಕ್ಟೋನ್’ ಎಂಬ ದ್ರವ್ಯವನ್ನು ಅತ್ಯಲ್ಪ ಪ್ರಮಾಣದಲ್ಲಿ ಮಣ್ಣಿಗೆ ಸ್ರವಿಸುತ್ತದೆ; ಅದರ ಸುಳಿವು ಹತ್ತಿದ ಶಿಲೀಂಧ್ರ ಕವಲೊಡೆದು ಬೇರಿನತ್ತ ಹೊರಳುತ್ತದೆ; ಇದನ್ನು ಜಪಾನಿನ ಸಂಶೋಧಕರು 2005ರಲ್ಲಿ ತೋರಿಸಿಕೊಟ್ಟರು. ಒಳಹೊಕ್ಕ ಮೇಲೆ ಅದರ ಎಳೆಗಳು ಹೊರಗಿನ ಮಣ್ಣಿಗೂ ಹಬ್ಬಿ, ಬೇರು ಬರಿದುಮಾಡಿದ ಆವರಣವನ್ನು ದಾಟಿ ಹಲವು ಸೆಂಟಿಮೀಟರು ದೂರಕ್ಕೆ ಚಾಚಿಕೊಳ್ಳುತ್ತವೆ. ಮಿಲಿಮೀಟರಿನ ಸಾವಿರದ ಒಂದು ಭಾಗವನ್ನು ಅಳತೆಯಾಗಿಟ್ಟುಕೊಂಡರೆ ಈ ಎಳೆಗಳ ದಪ್ಪ ಎರಡರಿಂದ ಹತ್ತು ಮಾತ್ರ. ಬೇರಾಗಲಿ ಬೇರಿನ ರೋಮವಾಗಲಿ ನುಸುಳಲಾರದ ಮುರಕಲ್ಲಿನ ಸಂದುಗಳಲ್ಲಿ ಇವು ನುಸುಳಿ, ಅಲ್ಲಿನ ರಂಜಕವನ್ನೂ, ಸತು ತಾಮ್ರಗಳ ಅಂಶವನ್ನೂ ಹೊತ್ತು ತಂದು ಕೋಶದೊಳಗಿನ ಪೊದೆಯಲ್ಲಿ ಗಿಡಕ್ಕೆ ಒಪ್ಪಿಸುತ್ತವೆ. ಇದಕ್ಕೆ ಗಿಡ ತೆರುವ ಬಾಡಿಗೆಯೂ ಅಲ್ಪವಲ್ಲ. ಬಿಸಿಲಿನಲ್ಲಿ ಎಲೆ ದುಡಿದು ತಯಾರಿಸಿದ ಆಹಾರದ ನೂರರಲ್ಲಿ ನಾಲ್ಕರಿಂದ ಇಪ್ಪತ್ತು ಪಾಲು, ಸಕ್ಕರೆಯ ರೂಪದಲ್ಲಿಯೂ ಕೊಬ್ಬಿನ ರೂಪದಲ್ಲಿಯೂ, ಈ ಸಂಗಾತಿಯ ಹೊಟ್ಟೆಗೆ ಹೋಗುತ್ತದೆ. ಆದುದರಿಂದಲೇ ಗಿಡವು ಲೆಕ್ಕಾಚಾರದ್ದು: ಮಣ್ಣಿನಲ್ಲಿ ಸುಲಭವಾಗಿ ರಂಜಕ ಸಿಗುವಂತಾದರೆ, ಅಂದರೆ ನಾವು ಸೂಪರ್ ಫಾಸ್ಫೇಟನ್ನು ಉದಾರವಾಗಿ ಸುರಿದೆವಾದರೆ, ಅದು ಶಿಲೀಂಧ್ರಕ್ಕೆ ಬಾಗಿಲು ಮುಚ್ಚತೊಡಗುತ್ತದೆ.

ಈ ಒಪ್ಪಂದದ ವಯಸ್ಸನ್ನು ಹೇಳಿದರೆ ನಂಬುವುದು ಕಷ್ಟ. ಸ್ಕಾಟ್ಲೆಂಡಿನ ರೈನಿ ಎಂಬ ಹಳ್ಳಿಯ ಬಳಿಯ ಶಿಲೆಯಲ್ಲಿ, ಸುಮಾರು 40 ಕೋಟಿ ವರ್ಷಗಳ ಹಿಂದೆ ಬಿಸಿನೀರ ಬುಗ್ಗೆಯ ಸಿಲಿಕದಲ್ಲಿ ಸಿಕ್ಕಿ ಕಲ್ಲಾದ ಸಸ್ಯಗಳಲ್ಲಿ, ಇದೇ ಪೊದೆಗಳ ಕುರುಹುಗಳು ದೊರೆತಿವೆ. ಆ ಸಸ್ಯಗಳಿಗೆ ನಿಜವಾದ ಬೇರೇ ಇರಲಿಲ್ಲ. ನೀರನ್ನು ಬಿಟ್ಟು ನೆಲಕ್ಕೆ ಬಂದ ಹಸಿರು ಜೀವಿಗಳು ತಮ್ಮದೇ ಬೇರನ್ನು ಪಡೆಯುವುದಕ್ಕೆ ಮೊದಲೇ ಶಿಲೀಂಧ್ರದ ನೆರವನ್ನು ಪಡೆದಿದ್ದವು.

ತಾಳವರ್ಗದ ಮರಗಳಿಗೆ ಈ ನೆರವು ಮತ್ತಷ್ಟು ಅಗತ್ಯವಾದದ್ದು. ತೆಂಗಿನ ಬುಡವನ್ನು ಬಿಡಿಸಿದವರೆಲ್ಲ ಕಂಡಿರುವ ಹಾಗೆ ಅದರ ಬೇರು ಹಗ್ಗದ ದಪ್ಪಕ್ಕೆ, ಒಂದೇ ಸಮನಾಗಿ, ಬುಡದಿಂದ ಗುಂಪುಗುಂಪಾಗಿ ಹೊರಡುತ್ತದೆ, ತಾಯಿಬೇರಿಲ್ಲ, ಹುಲ್ಲಿನ ಬೇರಿಗಿರುವಂಥ ಸೂಕ್ಷ್ಮ ರೋಮಗಳೂ ಇಲ್ಲ. ಕಾಸರಗೋಡಿನಲ್ಲಿ ತೆಂಗಿಗಾಗಿ 1916ರಲ್ಲಿಯೂ, ವಿಟ್ಲದಲ್ಲಿ ಅಡಿಕೆಗಾಗಿ 1956ರಲ್ಲಿಯೂ ಸಂಶೋಧನಾ ಕೇಂದ್ರಗಳು ಸ್ಥಾಪಿತವಾಗಿ, ಮರವೊಂದಕ್ಕೆ ಇಂತಿಷ್ಟು ಗೊಬ್ಬರವೆಂಬ ಲೆಕ್ಕ ಸಿದ್ಧವಾಯಿತು. ಅಡಿಕೆಗೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್, ಜೊತೆಗೆ ತಲಾ 12 ಕಿಲೋ ಹಸಿರೆಲೆ ಮತ್ತು ಕಾಂಪೋಸ್ಟು ಎಂಬುದು ಇಂದು ತೋಟಿಗರ ಬಾಯಲ್ಲೇ ಇದೆ. ಈ ಸೂತ್ರದಲ್ಲಿ ಮೊದಲ ಮೂರನ್ನು ಹಿಡಿದುಕೊಂಡು ಕೊನೆಯ ಎರಡನ್ನು ಕೈಬಿಟ್ಟವರೇ ನಮ್ಮಲ್ಲಿ ಹೆಚ್ಚು. ಚೀಲ ಅಂಗಡಿಯಲ್ಲಿ ಸಿಗುತ್ತದೆ. ಸೊಪ್ಪು ಕಡಿದು ಹೊರಲು ಆಳು ಸಿಗುವುದಿಲ್ಲ.

ಕರ್ನಾಟಕಕ್ಕೂ ಈ ವಿದ್ಯೆಗೂ ಇರುವ ನಂಟು ಹೆಮ್ಮೆ ಪಡಬಹುದಾದದ್ದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಿ. ಜೆ. ಬಾಗ್ಯರಾಜ್ ಅವರು ದಶಕಗಳ ಕಾಲ ನಡೆಸಿದ ಅಧ್ಯಯನದಿಂದ, ಈ ಶಿಲೀಂಧ್ರಗಳ ಕುರಿತಾದ ಸಂಶೋಧನೆಗೆ ಭಾರತದಲ್ಲಿ ಒಂದು ನೆಲೆ ದೊರಕಿತು. ಅವರೂ ಅವರಂಥವರೂ ಎದುರಿಸಿದ ತೊಡಕು ವಿಚಿತ್ರವಾದದ್ದು: ಈ ಶಿಲೀಂಧ್ರ ಸಜೀವ ಬೇರಿನ ಹೊರತು ಬದುಕದು. ಯೀಸ್ಟನ್ನೋ ರೈಜೋಬಿಯಮ್ಮನ್ನೋ ಬೆಳೆಸುವ ಹಾಗೆ ಸೀಸೆಯಲ್ಲಿ ಆಹಾರವಿಟ್ಟು ಇದನ್ನು ಬೆಳೆಸುವಂತಿಲ್ಲ. ರೋಡ್ಸ್ ಹುಲ್ಲು, ಜೋಳ ಮುಂತಾದ ಗಿಡಗಳನ್ನು ಕುಂಡದಲ್ಲಿಟ್ಟು, ಅವುಗಳ ಬೇರಿನಲ್ಲಿ ಇದನ್ನು ಸಾಕಿ, ಆಮೇಲೆ ಗಿಡವನ್ನು ಒಣಗಿಸಿ, ಬೇರುಸಹಿತವಾದ ಆ ಮಣ್ಣನ್ನೇ ಬೀಜವೆಂದು ಹಂಚಬೇಕು. ಗೊಬ್ಬರದಂಗಡಿಯಲ್ಲಿ ರೈತರು ‘ವ್ಯಾಮ್’ ಎಂದು ಕೇಳಿ ಕೊಳ್ಳುವ ಪೊಟ್ಟಣದಲ್ಲಿ ಇರಬೇಕಾದದ್ದು ಇದು. ಇರುತ್ತದೆಯೇ ಎಂಬುದು ಬೇರೆ ಪ್ರಶ್ನೆ; ತಿಂಗಳುಗಟ್ಟಲೆ ಬಿಸಿಲಿನಲ್ಲಿ ಪೇರಿಸಿಟ್ಟ ಪೊಟ್ಟಣದೊಳಗೆ ಜೀವವೆಷ್ಟು ಉಳಿದಿದೆಯೆಂದು ಹೊರಗಿನಿಂದ ಬಲ್ಲವರಾರು?

ಪೊಟ್ಟಣಕ್ಕೆ ನಾನು ವಿರೋಧಿಯಲ್ಲ. ಅದಕ್ಕೆ ತಕ್ಕ ಜಾಗವೊಂದಿದೆ, ಅದು ಸಸಿಮಡಿ. ಪುತ್ತೂರಿನ ಗೇರು ಸಂಶೋಧನಾ ಕೇಂದ್ರದಿಂದ ಹಿಡಿದು ಊರೂರಿನ ನರ್ಸರಿಗಳವರೆಗೆ, ಪ್ಲಾಸ್ಟಿಕ್ ಚೀಲದಲ್ಲಿ ಬೀಜವೂರಿ, ಎಳೆಯ ಗಿಡಕ್ಕೆ ಒಳ್ಳೆಯ ತಳಿಯ ಮೆದುಕಾಂಡವನ್ನು ಕಸಿಮಾಡಿ, ಮಳೆ ಹಿಡಿಯುತ್ತಲೇ ಗುಡ್ಡದ ಗುಂಡಿಗೆ ಇಳಿಸುವುದು ವಾಡಿಕೆ. ಆ ಚೀಲದ ಮಣ್ಣು ಎಲ್ಲಿಂದಲೋ ಅಗೆದು ತಂದ ತಳಮಣ್ಣು. ಅದರಲ್ಲಿ ಶಿಲೀಂಧ್ರ ಇಲ್ಲದಿರುವ ಸಂಭವವೇ ಹೆಚ್ಚು. ಬೀಜದ ಅಡಿಗೆ ಒಂದು ಚಮಚ ಬಿತ್ತುವುದು ಅಲ್ಲಿ ಸಾರ್ಥಕ. ಸಸಿ ತನ್ನ ಸಂಗಾತಿಯನ್ನು ಕಟ್ಟಿಕೊಂಡೇ ಗುಡ್ಡಕ್ಕೆ ಹೋಗುತ್ತದೆ. ಇಪ್ಪತ್ತು ವರ್ಷ ಪ್ರಾಯದ ಮರದ ಬುಡಕ್ಕೆ ಅದೇ ಪೊಟ್ಟಣವನ್ನು ಚೆಲ್ಲುವುದರಿಂದ ಒದಗುವ ಲಾಭ ಸಂದೇಹಾಸ್ಪದ. ಅಲ್ಲಿ ಊರಿನ ಶಿಲೀಂಧ್ರಗಳು ಆಗಲೇ ಠಾವು ಹಿಡಿದಿರುತ್ತವೆ, ಹೊಸದಾಗಿ ಬಂದುದಕ್ಕೆ ಅವು ಎಡೆಗೊಡುವುದು ಅಪರೂಪ. ಮತ್ತೂ ಒಂದು ಮಾತನ್ನು ಮಾರುವವರು ಹೇಳುವುದಿಲ್ಲ. ಹೊಳೆಯಾಚೆಯ ಭತ್ತವನ್ನು ಈಚೆಯ ದಡಕ್ಕೆ ದಾಟಿಸುವ ಅಂಬಿಗನು ಭತ್ತವನ್ನು ಬೆಳೆಯಲಾರ. ಶಿಲೀಂಧ್ರವೂ ಮಣ್ಣಿನಲ್ಲಿಲ್ಲದ ರಂಜಕವನ್ನು ಹುಟ್ಟಿಸಲಾರದು. ಗೋಟಡಿಕೆಯಾಗಿ, ಗೇರುಬೀಜವಾಗಿ, ತೆಂಗಿನಕಾಯಿಯಾಗಿ ಪ್ರತಿವರ್ಷವೂ ತೋಟದಿಂದ ಪೇಟೆಗೆ ಹೋಗುವ ಸಾರವನ್ನು ಯಾವುದಾದರೊಂದು ರೂಪದಲ್ಲಿ ಹಿಂದಿರುಗಿಸಲೇಬೇಕು. ಹುಳಿಮಣ್ಣಿನಲ್ಲಿ ಮೆಲ್ಲಮೆಲ್ಲನೆ ಕರಗುವ ರಾಕ್ ಫಾಸ್ಫೇಟ್ ಈ ಸಂಗಾತಿಗೆ ಒಗ್ಗುವಂಥದ್ದು. ಥಟ್ಟನೆ ಕರಗುವ ಗೊಬ್ಬರದಂತೆ ಅದು ಬೇರನ್ನು ಸೋಮಾರಿಯನ್ನಾಗಿ ಮಾಡುವುದಿಲ್ಲ.

ಹಿಂದಿರುಗಿಸುವ ಕಲೆಯನ್ನು ಶಿರಸಿ, ಸಿದ್ದಾಪುರ, ಸಾಗರಗಳ ತೋಟಿಗರು ಶತಮಾನಗಳಿಂದ ಬಲ್ಲರು. ಬೆಟ್ಟದಿಂದ ಸೊಪ್ಪನ್ನೂ ದರಕನ್ನೂ ತಂದು ಕೊಟ್ಟಿಗೆಗೆ ಹಾಸಿ, ದನದ ಗಂಜಲ ಸಗಣಿಗಳೊಡನೆ ಅದು ಗೊಬ್ಬರಗುಂಡಿಯನ್ನು ಸೇರಿ, ಅಲ್ಲಿಂದ ಅಡಿಕೆಯ ಬುಡಕ್ಕೆ ಬಂದು, ಅದರ ಮೇಲೆ ಮತ್ತೆ ಹಸಿಸೊಪ್ಪಿನ ಹೊದಿಕೆ ಬೀಳುವ ಆ ಕ್ರಮಕ್ಕೆ ಉತ್ತರ ಕನ್ನಡದಲ್ಲಿ ಕಾನೂನಿನ ಮನ್ನಣೆಯೂ ದೊರೆತು, ಎಕರೆ ತೋಟವೊಂದಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟವನ್ನು ಬಿಟ್ಟುಕೊಡುವ ಏರ್ಪಾಡು ಬಂತು. ಹೊದಿಕೆಯ ಕೆಳಗಿನ ತಂಪಿನಲ್ಲಿ, ಗುದ್ದಲಿ ತಾಗದ ಮೇಲ್ಮಣ್ಣಿನಲ್ಲಿ, ಏಲಕ್ಕಿ ಮೆಣಸು ಬಾಳೆಗಳ ಬೇರು ಅಡಿಕೆಯ ಬೇರಿನೊಡನೆ ಹೆಣೆದುಕೊಳ್ಳುವ ಎಡೆಯಲ್ಲಿ, ಶಿಲೀಂಧ್ರದ ಬಲೆ ಹರಿಯದೆ ಉಳಿಯುತ್ತದೆ. ಒಂದು ಗಿಡ ಸತ್ತರೆ ನೆರೆಗಿಡದ ಬೇರು ಆ ಬಲೆಯನ್ನು ಪೊರೆಯುತ್ತದೆ. ಇದನ್ನು ಹೇಳುವಾಗ ಹಿಂದಿನವರೆಲ್ಲ ಋಷಿಗಳೆಂಬ ಭಾವನೆಗೆ ಜಾರುವುದು ಸುಲಭ. ಒಂದು ಎಕರೆ ತೋಟ ಹಸುರಾಗಿರಲು ಒಂಬತ್ತು ಎಕರೆ ಕಾಡು ವರ್ಷವರ್ಷವೂ ಸವರಿಸಿಕೊಂಡಿತೆಂಬುದನ್ನು ಮರೆಯಲಾಗದು; ಅನೇಕ ಬೆಟ್ಟಗಳು ಇಂದು ಅಂಗೈಯಷ್ಟೇ ನುಣ್ಣಗೆ ಬೋಳಾಗಿವೆ, ಅಲ್ಲಿಯ ಮಣ್ಣೂ ಅದರೊಳಗಿನ ಜೀವಿಗಳೂ ಮಳೆಗೆ ಹೋಗಿವೆ. ತೋಟದ ಫಲವತ್ತತೆಯಲ್ಲಿ ಒಂದು ಪಾಲು ಕಾಡಿನಿಂದ ಕಡ ತಂದದ್ದು.

ಗೇರಿನ ಗುಡ್ಡದಲ್ಲಿ ನಡೆಯುವುದು ಇದಕ್ಕೆ ವಿಪರೀತ. ಬೀಜ ಉದುರುವ ಮೊದಲು, ಹೆಕ್ಕಲು ಸುಲಭವಾಗಲೆಂದು, ಮರದಡಿಯ ತರಗೆಲೆಯನ್ನೆಲ್ಲ ಗುಡಿಸಿ ಒಟ್ಟಿ ಬೆಂಕಿ ಕೊಡುವುದು, ಇಲ್ಲವೇ ಕಳೆನಾಶಕ ಹೊಡೆದು ನೆಲವನ್ನು ಬೋಳು ಮಾಡುವುದು ಹಲವೆಡೆ ರೂಢಿಯಾಗಿದೆ. ಗೇರಿನ ಎಲೆ ದಪ್ಪನೆಯದು, ನಿಧಾನವಾಗಿ ಕೊಳೆಯುವಂಥದು. ಮಳೆಯ ಹೊಡೆತದಿಂದ ಇಳಿಜಾರಿನ ಮಣ್ಣನ್ನು ಕಾಪಾಡಲು ಅದಕ್ಕಿಂತ ಅಗ್ಗದ ಸಾಧನ ಇನ್ನೊಂದಿಲ್ಲ. ಗೇರು ಬೆಳೆಯುವ ರೈತನು ಕಳೆಯೆಂದು ಹಳಿಯುವ ಹುಲ್ಲುಪೊದೆಗಳ ಬೇರೂ ಅದೇ ಶಿಲೀಂಧ್ರಕ್ಕೆ ಆಸರೆ. ಮರಗಳ ನಡುವೆ ಏಳೆಂಟು ಮೀಟರು ಅಂತರವಿರುವ ಎಳೆಯ ತೋಪಿನಲ್ಲಿ ಆ ಆಸರೆಯನ್ನು ಕಿತ್ತೆಸೆದರೆ, ಬಲೆ ತುಂಡುತುಂಡಾಗಿ ಉಳಿಯುತ್ತದೆ. ಹೆಕ್ಕುವ ಕಾಲಕ್ಕೆ ಮರದಡಿಯ ಹುಲ್ಲನ್ನು ಕತ್ತಿಯಿಂದ ಸವರಿ ಅಲ್ಲೇ ಹರಡಿದರೆ ಸಾಕು; ಎಲೆಯನ್ನು ಬುಡಕ್ಕೆ ಎಳೆದರೆ ಸಾಕು. ಎಳೆಗಳು ಮಣ್ಣಿನ ಕಣಗಳನ್ನು ಬಿಗಿದು ಹೆಣೆದಿಡುವುದರಿಂದ ಮಣ್ಣು ಹರಳುಹರಳಾಗಿ ನೀರನ್ನು ಕುಡಿಯುತ್ತದೆ. 1996ರಲ್ಲಿ ಅಮೆರಿಕದ ಸಾರಾ ರೈಟ್ ‘ಗ್ಲೊಮಾಲಿನ್’ ಎಂಬ ಅಂಟುಪದಾರ್ಥವನ್ನು ಮಣ್ಣಿನಿಂದ ಬೇರ್ಪಡಿಸಿ ತೋರಿಸಿದ ಮೇಲೆ ಎಲ್ಲ ಕೀರ್ತಿಯೂ ಅದಕ್ಕೇ ಸಲ್ಲತೊಡಗಿತು. ಆ ಪದಾರ್ಥದ ನಿಜಸ್ವರೂಪವೇನೆಂಬ ವಿವಾದ ಇನ್ನೂ ಮುಗಿದಿಲ್ಲವಾದ್ದರಿಂದ, ಅದರ ಹೆಸರಿನಲ್ಲಿ ಮಾರಾಟವಾಗುವುದನ್ನು ಎಚ್ಚರದಿಂದ ನೋಡುವುದು ಲೇಸು.

ಅಡಿಕೆ ತೋಟದ ಮತ್ತೊಂದು ಗಹನವಾದ ತೊಡಕು ತಾಮ್ರದ್ದು. ಮಳೆಗಾಲದಲ್ಲಿ ಎಳೆಗಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅವರು ಮದ್ದು ಕಂಡುಕೊಂಡು 1910ರಲ್ಲಿ ಪ್ರಕಟಿಸಿದ ಅಧ್ಯಯನ ಮಲೆನಾಡಿನ ಎಷ್ಟೋ ಮನೆತನಗಳನ್ನು ಉಳಿಸಿತು. ಮೈಲುತುತ್ತಿಗೆ ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಅಂದಿನಿಂದ ಇಂದಿನವರೆಗೆ ಪ್ರತಿ ಮುಂಗಾರಿನಲ್ಲಿಯೂ ಗೊನೆಗಳ ಮೇಲೆ ಬೀಳುತ್ತಿದೆ. ಕೊಳೆರೋಗವನ್ನು ತರುವ ಫೈಟಾಫ್ತೊರವು ಶಿಲೀಂಧ್ರವೆಂದು ಹೆಸರು ಹೊತ್ತಿದ್ದರೂ ಕುಲದಲ್ಲಿ ಕಂದು ಪಾಚಿಗಳಿಗೆ ಹತ್ತಿರವಾದುದು; ಅದಕ್ಕೆ ಹೊಡೆದ ಮದ್ದು ಗೊನೆಯಿಂದ ತೊಟ್ಟಿಕ್ಕಿ ನೆಲಕ್ಕಿಳಿದು, ನಿಜವಾದ ಶಿಲೀಂಧ್ರವೂ ನಿರಪರಾಧಿಯೂ ಆದ ಬೇರುನಂಟನ ಮೇಲೆ ಬೀಳುತ್ತದೆ. ತಾಮ್ರ ಸಾವಯವ ಅಂಶಕ್ಕೆ ಅಂಟಿಕೊಂಡು ಮೇಲ್ಮಣ್ಣಿನಲ್ಲಿಯೇ ನಿಲ್ಲುತ್ತದೆ, ಮಳೆಗೆ ಹೋಗುವುದಿಲ್ಲ. ಅತಿಯಾದರೆ ಬೀಜಾಣುಗಳ ಮೊಳಕೆಯೂ ಎಳೆಗಳ ಬೆಳವಣಿಗೆಯೂ ಕುಂದುತ್ತವೆ. ಲೋಹದ ನೆಲದಲ್ಲಿ ಬಹುಕಾಲ ಬಾಳಿದ ಕೆಲವು ತಳಿಗಳು ಅದನ್ನು ತಾಳಿಕೊಳ್ಳಲು ಕಲಿತಿರುವುದೂ ಉಂಟು. ಹಾಗೆಂದು ಮದ್ದು ಹೊಡೆಯಬೇಡಿರೆಂದು ಆಷಾಢದ ಜಡಿಮಳೆಯಲ್ಲಿ ಗೊನೆ ಉದುರುವುದನ್ನು ನೋಡುತ್ತಿರುವ ತೋಟಿಗನಿಗೆ ಉಪದೇಶಿಸುವ ಧೈರ್ಯ ನನಗಿಲ್ಲ. ಗೊನೆಗೆ ಕೊಟ್ಟೆ ಕಟ್ಟಿ ಮಳೆಯನ್ನು ತಡೆಯುವ ಹಳೆಯ ಕ್ರಮ ಮದ್ದಿಲ್ಲದ ದಾರಿಯೇನೋ ಅಹುದು. ಆದರೆ ಮರಮರವನ್ನು ಹತ್ತುವ ಕೊನೆಗಾರರು ಈಗ ವಿರಳ. ನೆಲದಲ್ಲೇ ನಿಂತು ಉದ್ದದ ದೋಟಿಯಿಂದ ಸಿಂಪಡಿಸುವುದು ಸುಲಭವಾಗಿರುವುದರಿಂದ ಒಂದು ಸಲ ಹೆಚ್ಚಾಗಿಯೇ ಹೊಡೆಯುವವರಿದ್ದಾರೆ. ಸರಕಾರ 2015ರಿಂದ ಹಂಚುತ್ತಿರುವ ಮಣ್ಣು ಆರೋಗ್ಯ ಚೀಟಿಯ ಹನ್ನೆರಡು ಅಂಶಗಳಲ್ಲಿ ಶಿಲೀಂಧ್ರಕ್ಕೆ ಸ್ಥಾನವಿಲ್ಲ, ತಾಮ್ರಕ್ಕೆ ಉಂಟು. ಕೊರತೆಯಿದೆಯೇ ಎಂದು ನೋಡಲು ಇಟ್ಟ ಆ ಸಾಲನ್ನು ಹಳೆಯ ಅಡಿಕೆ ತೋಟದವರು ಹೆಚ್ಚಾಗಿದೆಯೇ ಎಂದು ನೋಡಲು ಬಳಸಿಕೊಳ್ಳಬಹುದು.